ಕ್ಲಸ್ಟರ್ ಮಾತುಕತೆಗೆ ಬೇರೆ ತಂತಿ: ಮೂರು ಪ್ರಾಕ್ಸ್‌ಮಾಕ್ಸ್ ಸರ್ವರ್‌ಗಳ ಕೆಲಸದ ಟಿಪ್ಪಣಿ

ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಮೂರು ಸರ್ವರ್‌ಗಳ ಪ್ರಾಕ್ಸ್‌ಮಾಕ್ಸ್ ಕ್ಲಸ್ಟರ್ ನೋಡಿಕೊಳ್ಳುವುದು ನನ್ನ ಕೆಲಸ. ಪ್ರಾಕ್ಸ್‌ಮಾಕ್ಸ್ ಅಂದರೆ ಒಂದು ಸರ್ವರ್ ಮೇಲೆ ಹಲವು ವರ್ಚುವಲ್ ಮಷೀನ್‌ಗಳನ್ನು, ಅಂದರೆ ಸಾಫ್ಟ್‌ವೇರ್‌ನಲ್ಲೇ ಮಾಡಿದ ಕಂಪ್ಯೂಟರ್‌ಗಳನ್ನು, ಓಡಿಸುವ ವ್ಯವಸ್ಥೆ. ಒಂದೇ ಗುಂಪಾಗಿ ಕೆಲಸ ಮಾಡುವ ಸರ್ವರ್‌ಗಳೇ ಕ್ಲಸ್ಟರ್. ಸರ್ವರ್‌ಗಳ ಹೆಸರು ತುಂಗಾ, ಭದ್ರಾ, ಶರಾವತಿ. ಮೊದಲೆರಡು ರ‍್ಯಾಕ್ ಸರ್ವರ್‌ಗಳು, ಮೂರನೆಯದು ಬಿಡಿಭಾಗ ತಂದು ಜೋಡಿಸಿದ ಟವರ್. ಗ್ರಂಥಾಲಯದ ಕೋಹಾ, ಪಾಠಗಳ ಮೂಡಲ್, ಲ್ಯಾಬ್ ಪರೀಕ್ಷೆಯ ಸರ್ವರ್, ಹಾಜರಾತಿಯ ಡೇಟಾಬೇಸ್ ಎಲ್ಲವೂ ಇವುಗಳ ಮೇಲೆ ವರ್ಚುವಲ್ ಮಷೀನ್‌ಗಳಾಗಿ ಓಡುತ್ತವೆ. ಮಷೀನ್‌ಗಳ ಡಿಸ್ಕ್‌ಗಳು ಒಂದು ನ್ಯಾಸ್‌ನಲ್ಲಿ (ನೆಟ್‌ವರ್ಕ್ ಮೂಲಕ ಸಿಗುವ ಡಿಸ್ಕ್ ಪೆಟ್ಟಿಗೆ) ಇವೆ, ಎನ್ಎಫ್ಎಸ್ ಎಂಬ ಫೈಲ್ ಹಂಚಿಕೆಯ ಪ್ರೋಟೊಕಾಲ್ ಮೂಲಕ ಮೂರೂ ಸರ್ವರ್‌ಗಳಿಗೆ ಸಿಗುತ್ತವೆ. ಬ್ಯಾಕಪ್‌ಗೆ ಬೇರೆ ಪೆಟ್ಟಿಗೆ ಇದೆ.

ಇದೆಲ್ಲ ಒಂದೇ ಸ್ವಿಚ್‌ಗೆ, ಸರ್ವರ್‌ಗೆ ಒಂದರಂತೆ 1 ಗಿಗಾಬಿಟ್ ಕೇಬಲ್‌ನಲ್ಲಿ ಸೇರಿತ್ತು. ಬಳಕೆದಾರರ ಟ್ರಾಫಿಕ್, ಡಿಸ್ಕ್ ಓದು-ಬರಹ, ಬ್ಯಾಕಪ್, ಓಡುತ್ತಿರುವ ಮಷೀನನ್ನು ಇನ್ನೊಂದು ಸರ್ವರ್‌ಗೆ ದಾಟಿಸುವ ಮೈಗ್ರೇಶನ್, ಜೊತೆಗೆ ಸರ್ವರ್‌ಗಳು ತಮ್ಮತಮ್ಮಲ್ಲೇ ಆಡಿಕೊಳ್ಳುವ ಮಾತು, ಎಲ್ಲಕ್ಕೂ ಅದೊಂದೇ ತಂತಿ. ಹಗಲು ಏನೂ ತೊಂದರೆ ಕಾಣುತ್ತಿರಲಿಲ್ಲ. ರಾತ್ರಿ ಬ್ಯಾಕಪ್ ಶುರುವಾದರೆ ಕ್ಲಸ್ಟರ್ ಒಡೆಯುತ್ತಿತ್ತು. ಬೆಳಗ್ಗೆ ನೋಡಿದರೆ ಯಾವುದೋ ಒಂದು ಸರ್ವರ್ ತಾನಾಗೇ ರೀಬೂಟ್ ಆಗಿರುತ್ತಿತ್ತು. ಒಂದು ರಾತ್ರಿ ಮೂರೂ ಒಟ್ಟಿಗೆ ರೀಬೂಟ್ ಆದವು. ಮರುದಿನ ಲ್ಯಾಬ್ ಪರೀಕ್ಷೆ ಇತ್ತು. ಇನ್ನು ಮುಂದೂಡುವಂತಿಲ್ಲ ಅಂತ ಆಗಲೇ ಕೆಲಸ ಕೈಗೆತ್ತಿಕೊಂಡೆ.

ಮೊದಲು ಲಾಗ್. ಜರ್ನಲ್‌ನಲ್ಲಿ ಕೊರೊಸಿಂಕ್ (ಸರ್ವರ್‌ಗಳ ನಡುವಿನ ಮಾತು ನೋಡಿಕೊಳ್ಳುವ) ಸರ್ವಿಸ್‌ನ ಸಾಲುಗಳನ್ನು ಮಾತ್ರ ತೆಗೆದು ನೋಡಿದರೆ ಎರಡು ಥರದ ಸಂದೇಶ ಮತ್ತೆ ಮತ್ತೆ ಬಂದಿತ್ತು. ಒಂದು ರೀಟ್ರಾನ್ಸ್‌ಮಿಟ್ ಲಿಸ್ಟ್, ಅಂದರೆ ಕಳಿಸಿದ ಪ್ಯಾಕೆಟ್ ಕಳೆದುಹೋಗಿ ಮತ್ತೆ ಕಳಿಸಬೇಕಾಗಿದೆ. ಇನ್ನೊಂದು, 2737 ಮಿಲಿಸೆಕೆಂಡ್ ಆದರೂ ಟೋಕನ್ ಬಂದಿಲ್ಲ ಎಂಬ ಎಚ್ಚರಿಕೆ.

ಈ 2737 ಎಂಬ ಅಂಕಿ ಎಲ್ಲಿಂದ ಬಂತು ಅಂತ ತಿಳಿದುಕೊಂಡರೆ ಅರ್ಧ ಸಮಸ್ಯೆ ಅರ್ಥವಾದಂತೆ. ಪ್ರಾಕ್ಸ್‌ಮಾಕ್ಸ್‌ನ ಸರ್ವರ್‌ಗಳು ಪರಸ್ಪರ ಮಾತಾಡುವುದು ಕೊರೊಸಿಂಕ್ ಮೂಲಕ. ಅದರೊಳಗಿರುವುದು ಟೋಟೆಮ್ ಎಂಬ ಪ್ರೋಟೊಕಾಲ್. ಒಂದು ಟೋಕನ್ ಎಲ್ಲ ಸರ್ವರ್‌ಗಳ ಕೈಯಿಂದ ಕೈಗೆ ಸುತ್ತುತ್ತಲೇ ಇರುತ್ತದೆ. ಟೋಕನ್ ಯಾರ ಕೈಯಲ್ಲಿದೆಯೋ ಅವರು ಮಾತಾಡಬಹುದು. ಈಗಿನ ಕೊರೊಸಿಂಕ್‌ನಲ್ಲಿ ಟೋಕನ್‌ಗೆ ಕಾಯುವ ಮೂಲ ಅವಧಿ 3000 ಮಿಲಿಸೆಕೆಂಡ್. ಎರಡಕ್ಕಿಂತ ಹೆಚ್ಚಿಗೆ ಇರುವ ಪ್ರತಿ ನೋಡ್‌ಗೆ (ಅಂದರೆ ಕ್ಲಸ್ಟರಿನ ಸರ್ವರ್‌ಗೆ) 650 ಸೇರಿಸಬೇಕು. ಮೂರು ನೋಡ್ ಇದ್ದರೆ 3650. ಅದರ ಮುಕ್ಕಾಲು ಭಾಗ ಕಳೆದಾಗ ಎಚ್ಚರಿಕೆ ಬರುತ್ತದೆ. 3650ರ ಮುಕ್ಕಾಲು 2737. ಅಂದರೆ ಇನ್ನೂ ಸುಮಾರು 900 ಮಿಲಿಸೆಕೆಂಡ್ ಟೋಕನ್ ಬರದಿದ್ದರೆ ಗುಂಪನ್ನು ಮತ್ತೆ ಕಟ್ಟಲು ಹೊರಡುತ್ತೇನೆ ಅಂತ ಅದು ಹೇಳುತ್ತಿದೆ. ಖಾಲಿ ಲ್ಯಾನ್‌ನಲ್ಲಿ ಒಂದು ಪ್ಯಾಕೆಟ್ ಹೋಗಿ ಬರಲು ಒಂದು ಮಿಲಿಸೆಕೆಂಡೂ ಬೇಡ. ಎರಡೂಮುಕ್ಕಾಲು ಸೆಕೆಂಡ್ ಕಾದರೂ ಬಂದಿಲ್ಲ ಅಂದರೆ ತಂತಿಯ ಮೇಲೆ ಏನೋ ದೊಡ್ಡದು ಕೂತಿದೆ ಅಂತಲೇ ಅರ್ಥ.

ಹಾಗೆ ಕೂತಿದ್ದದ್ದು ಬ್ಯಾಕಪ್. ಡಿಸ್ಕ್ ಇರುವುದು ನ್ಯಾಸ್‌ನಲ್ಲಿ. ಸರ್ವರ್ ಅಲ್ಲಿಂದ ಓದಿ ಬ್ಯಾಕಪ್ ಪೆಟ್ಟಿಗೆಗೆ ಬರೆಯುತ್ತದೆ. ಹಾಗಾಗಿ ಒಂದೇ ಪೋರ್ಟ್ ಒಳಬರುವ ದಿಕ್ಕಿನಲ್ಲೂ ಹೊರಹೋಗುವ ದಿಕ್ಕಿನಲ್ಲೂ ತುಂಬಿಹೋಗುತ್ತದೆ. ಸ್ವಿಚ್‌ನ ಬಫರ್ ತುಂಬಿದ ಮೇಲೆ ಪ್ಯಾಕೆಟ್‌ಗಳು ಬಿದ್ದುಹೋಗುತ್ತವೆ. ಬ್ಯಾಕಪ್ ಓಡುವುದು ಕಳೆದ ಪ್ಯಾಕೆಟನ್ನು ತಾನೇ ಮತ್ತೆ ಕಳಿಸುವ ಟಿಸಿಪಿ ಮೇಲೆ, ಆದ್ದರಿಂದ ಅದು ಸುಮ್ನೆ ಸ್ವಲ್ಪ ನಿಧಾನವಾಗಿ ಮುಂದುವರಿಯುತ್ತದೆ. ಪೆಟ್ಟು ಬೀಳುವುದು ಸಮಯಕ್ಕೆ ಸರಿಯಾಗಿ ತಲುಪಲೇಬೇಕಾದ ಕೊರೊಸಿಂಕ್‌ನ ಸಣ್ಣ ಯುಡಿಪಿ ಪ್ಯಾಕೆಟ್‌ಗೆ.

ರೀಬೂಟ್ ಯಾಕೆ ಆಗುತ್ತದೆ ಅನ್ನುವುದೂ ಮುಖ್ಯ. ಪ್ರತಿ ನೋಡ್‌ಗೂ ಒಂದು ಮತ, ಮೂರರಲ್ಲಿ ಎರಡು ಮತ ಇದ್ದರೆ ಕೋರಂ, ಅಂದರೆ ತೀರ್ಮಾನಕ್ಕೆ ಬೇಕಾದ ಬಹುಮತ. ಕೋರಂ ಕಳೆದುಕೊಂಡ ನೋಡ್‌ನಲ್ಲಿ ಕ್ಲಸ್ಟರಿನ ಸೆಟ್ಟಿಂಗ್‌ಗಳಿರುವ ಇಟಿಸಿ ಡೈರೆಕ್ಟರಿಯ ಪಿವಿಇ ಫೋಲ್ಡರ್ ಓದಲು ಮಾತ್ರ ಸಿಗುತ್ತದೆ, ಬರೆಯಲು ಬರುವುದಿಲ್ಲ. ಓಡುತ್ತಿರುವ ಮಷೀನ್ ಓಡುತ್ತಿರುತ್ತದೆ, ಹೊಸದನ್ನು ಸ್ಟಾರ್ಟ್ ಮಾಡಲು ಆಗುವುದಿಲ್ಲ. ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ಹೈ ಅವೈಲಬಿಲಿಟಿ (ಒಂದು ನೋಡ್ ಕೆಟ್ಟರೆ ಇನ್ನೊಂದರಲ್ಲಿ ತಾನೇ ಏಳುವ ಏರ್ಪಾಡು) ಹಾಕಿದ ಮಷೀನ್ ಆ ನೋಡ್ ಮೇಲೆ ಇದ್ದರೆ ವಾಚ್‌ಡಾಗ್ ಎಂಬ ಕಾವಲು ಟೈಮರ್ ಕೂಡ ಕೆಲಸದಲ್ಲಿರುತ್ತದೆ. ಕೋರಂ ಹೋಗಿ ಸುಮಾರು 60 ಸೆಕೆಂಡ್ ಕಳೆದರೆ ಅದು ನೋಡ್ ಅನ್ನೇ ರೀಸೆಟ್ ಮಾಡುತ್ತದೆ. ಒಂದೇ ಮಷೀನ್ ಎರಡು ಕಡೆ ಓಡಿ ಡಿಸ್ಕ್ ಹಾಳಾಗಬಾರದು ಅಂತ ಮಾಡಿರುವ ವ್ಯವಸ್ಥೆ ಅದು. ಸರಿಯಾದ ವ್ಯವಸ್ಥೆಯೇ. ಮೂರೂ ನೋಡ್‌ಗಳು ಒಂದನ್ನೊಂದು ಕೇಳಿಸಿಕೊಳ್ಳದ ಸ್ಥಿತಿ ಒಂದು ನಿಮಿಷ ಮುಂದುವರಿದರೆ ಮೂರೂ ರೀಸೆಟ್ ಆಗುತ್ತವೆ. ನಮ್ಮಲ್ಲಿ ಆದದ್ದು ಇದೇ.

ಆಡಳಿತ ಮಂಡಳಿಯ ಹಿರಿಯರೊಬ್ಬರು ಕೇಳಿದರು: “ದೊಡ್ಡ ಸ್ವಿಚ್ ತಗೊಂಡ್ರೆ ಸರಿ ಹೋಗುತ್ತಲ್ವಾ? 10 ಗಿಗಾಬಿಟ್ ಅಂತಾರಲ್ಲ, ಅದು?” ನಾನು ಹೇಳಿದೆ: “ಇದಕ್ಕೆ ಅಗಲ ರಸ್ತೆ ಬೇಕಿಲ್ಲ ಸರ್, ಖಾಲಿ ರಸ್ತೆ ಬೇಕು. ಸಣ್ಣ ಸ್ವಿಚ್ಚೇ ಸಾಕು.” ಈ ಬರಹದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದೂ ಇದನ್ನೇ. ಕೊರೊಸಿಂಕ್ ಕಳಿಸುವ ಡೇಟಾ ತೀರಾ ಕಡಿಮೆ. ಅದಕ್ಕೆ ಬೇಕಿರುವುದು ತಡವಿಲ್ಲದ ತಂತಿ. ಲ್ಯಾನ್‌ನಲ್ಲಿ 5 ಮಿಲಿಸೆಕೆಂಡ್‌ಗಿಂತ ಕಡಿಮೆ ಲೇಟೆನ್ಸಿ (ಪ್ಯಾಕೆಟ್ ತಲುಪಲು ಹಿಡಿಯುವ ಸಮಯ) ಇರಬೇಕು, ಅದು ಏರುಪೇರಾಗದೆ ಇರಬೇಕು. ಡಿಸ್ಕ್ ಟ್ರಾಫಿಕ್ ಜೊತೆ ಹಂಚಿಕೊಂಡ 10 ಗಿಗಾಬಿಟ್ ತಂತಿಗಿಂತ ಯಾರೂ ಮುಟ್ಟದ 1 ಗಿಗಾಬಿಟ್ ತಂತಿ ಇಲ್ಲಿ ಎಷ್ಟೋ ಮೇಲು. 10 ಗಿಗಾಬಿಟ್ ತಂತಿಯನ್ನೂ ಬ್ಯಾಕಪ್ ತುಂಬಿಸಬಲ್ಲದು, ಡಿಸ್ಕ್ ವೇಗವಾಗಿದ್ದರೆ ಆಯಿತು.

ಅದೇ ಕೇಬಲ್ ಮೇಲೆ ಬೇರೆ ವಿಲ್ಯಾನ್ (ಒಂದೇ ತಂತಿಯಲ್ಲಿ ಸಾಫ್ಟ್‌ವೇರ್‌ನಿಂದ ಬೇರ್ಪಡಿಸಿದ ನೆಟ್‌ವರ್ಕ್) ಮಾಡಿದರೆ ಆಗಲ್ವಾ ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ವಿಲ್ಯಾನ್ ವಿಳಾಸಗಳನ್ನು ಬೇರೆ ಮಾಡುತ್ತದೆ, ಬ್ರಾಡ್‌ಕಾಸ್ಟ್ ಬೇರೆ ಮಾಡುತ್ತದೆ. ತಂತಿಯನ್ನು ಬೇರೆ ಮಾಡುವುದಿಲ್ಲ. ಪೋರ್ಟ್ ತುಂಬಿದರೆ ಎರಡೂ ವಿಲ್ಯಾನ್‌ಗಳು ಒಟ್ಟಿಗೇ ನರಳುತ್ತವೆ. ಎರಡು ಪೋರ್ಟ್ ಸೇರಿಸಿ ಬಾಂಡ್ ಮಾಡುವ ಸಲಹೆಯೂ ಬಂತು. ಕೊರೊಸಿಂಕ್‌ಗೆ ಬಾಂಡ್ ನನಗೆ ಒಪ್ಪಿಗೆಯಿಲ್ಲ. ಬಾಂಡ್‌ನ ಎರಡೂ ತುದಿಗಳನ್ನು ಹೊಂದಿಸುವ ಎಲ್‌ಎಸಿಪಿ ನಿಧಾನ ಕ್ರಮದಲ್ಲಿದ್ದರೆ 30 ಸೆಕೆಂಡಿಗೊಮ್ಮೆ ಮಾತ್ರ ಆ ಬದಿಯನ್ನು ವಿಚಾರಿಸುತ್ತದೆ, ಮೂರು ಸಲ ಉತ್ತರ ಬರದಿದ್ದರೆ ಮಾತ್ರ ಕೈಬಿಡುತ್ತದೆ. ಅಂದರೆ 90 ಸೆಕೆಂಡ್. ಪೋರ್ಟ್‌ನ ದೀಪ ಉರಿಯುತ್ತಿದ್ದು ಡೇಟಾ ಮಾತ್ರ ಸತ್ತಿರುವ ಸಂದರ್ಭದಲ್ಲಿ ಬಾಂಡ್ ಎಚ್ಚರಗೊಳ್ಳುವ ಮೊದಲೇ ವಾಚ್‌ಡಾಗ್‌ನ 60 ಸೆಕೆಂಡ್ ಮುಗಿದಿರುತ್ತದೆ. ಕೊರೊಸಿಂಕ್ 3ರಲ್ಲಿ ಕ್ರೋನೋಸ್‌ನೆಟ್ ಇದೆ. ಅದು ತಾನೇ 8 ಲಿಂಕ್‌ಗಳವರೆಗೆ ನೋಡಿಕೊಳ್ಳುತ್ತದೆ, ಒಂದು ಕೆಟ್ಟರೆ ಇನ್ನೊಂದಕ್ಕೆ ದಾಟುತ್ತದೆ. ಆ ಕೆಲಸ ಅದಕ್ಕೇ ಬಿಡುವುದು ಒಳ್ಳೆಯದು.

ಹಾಗಾಗಿ ಯೋಜನೆ ಸರಳ. ಕೊರೊಸಿಂಕ್‌ಗೆ ಪ್ರತ್ಯೇಕ ಸ್ವಿಚ್, ಪ್ರತ್ಯೇಕ ಕೇಬಲ್. ಅದು ಕೆಟ್ಟರೆ ಮಾತ್ರ ಹಳೆಯ ಮುಖ್ಯ ನೆಟ್‌ವರ್ಕ್. ಜೊತೆಗೆ ಮೈಗ್ರೇಶನ್‌ಗೆ ಮೂರು ಸರ್ವರ್‌ಗಳ ನಡುವೆ ನೇರ 10 ಗಿಗಾಬಿಟ್ ಕೇಬಲ್.

ತುಂಗಾ ಮತ್ತು ಭದ್ರಾಗಳ ಬೋರ್ಡಿನಲ್ಲಿ ಎರಡೆರಡು ಪೋರ್ಟ್ ಇದ್ದವು, ಎರಡನೆಯದು ಇಷ್ಟು ದಿನವೂ ಖಾಲಿ ಬಿದ್ದಿತ್ತು. ಶರಾವತಿಯಲ್ಲಿ ಒಂದೇ ಪೋರ್ಟ್. ಅದಕ್ಕೊಂದು 1 ಗಿಗಾಬಿಟ್ ಕಾರ್ಡ್, ಕೊರೊಸಿಂಕ್‌ಗೆ 8 ಪೋರ್ಟಿನ ಸಾದಾ ಗಿಗಾಬಿಟ್ ಸ್ವಿಚ್, ಒಂದಿಷ್ಟು ಪ್ಯಾಚ್ ಕೇಬಲ್ ಇಲ್ಲೇ ಸಿಕ್ಕವು. ಎರಡು ಪೋರ್ಟಿನ 10 ಗಿಗಾಬಿಟ್ ಕಾರ್ಡ್‌ಗಳನ್ನು, ಎರಡೂ ತುದಿಯಲ್ಲಿ ಪ್ಲಗ್ ಇರುವ ಡ್ಯಾಕ್ ಕೇಬಲ್‌ಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸೆಕೆಂಡ್ ಹ್ಯಾಂಡ್ ತರಿಸಿಕೊಂಡೆ. ಇಂಥ ಕಾರ್ಡ್ ಕೊಳ್ಳುವ ಮೊದಲು ಬೋರ್ಡಿನಲ್ಲಿ ಎಂಟು ಲೇನ್‌ನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಖಾಲಿ ಇದೆಯಾ ನೋಡಿಕೊಳ್ಳಿ. ಸ್ಲಾಟ್ ಉದ್ದವಿದ್ದರೂ ಒಳಗೆ ನಾಲ್ಕೇ ಲೇನ್‌ಗೆ ತಂತಿ ಎಳೆದಿರುವ ಬೋರ್ಡ್‌ಗಳಿವೆ.

ಕಾರ್ಡ್ ಹಾಕಿದ ಮೇಲೆ ಶರಾವತಿ ನೆಟ್‌ವರ್ಕ್‌ನಲ್ಲಿ ಕಾಣಲಿಲ್ಲ. ಮಾನಿಟರ್, ಕೀಬೋರ್ಡ್ ಸಿಕ್ಕಿಸಿ ನೋಡಿದರೆ ಪೋರ್ಟಿನ ಹೆಸರೇ ಬದಲಾಗಿತ್ತು. ಲಿನಕ್ಸ್‌ನಲ್ಲಿ ಇಎನ್‌ಪಿ ಎಂದು ಶುರುವಾಗುವ ಹೆಸರು ಪಿಸಿಐ ಬಸ್‌ನ ಸಂಖ್ಯೆಯಿಂದ ಬರುತ್ತದೆ. ಹೊಸ ಕಾರ್ಡ್ ನಡುವೆ ಸೇರಿಕೊಂಡರೆ ಸಂಖ್ಯೆ ಮುಂದೆ ಸರಿಯುತ್ತದೆ, 4 ಇದ್ದದ್ದು 5 ಆಗುತ್ತದೆ. ವರ್ಚುವಲ್ ಮಷೀನ್‌ಗಳನ್ನು ಪೋರ್ಟಿಗೆ ಸೇರಿಸುವ ಬ್ರಿಡ್ಜ್ ಮಾತ್ರ ಹಳೆಯ ಹೆಸರನ್ನೇ ಹುಡುಕುತ್ತಾ ಕೂತಿರುತ್ತದೆ. ರ‍್ಯಾಕ್ ಸರ್ವರ್‌ಗಳಲ್ಲಿ ಬೋರ್ಡಿನ ಪೋರ್ಟ್‌ಗಳಿಗೆ ಇಎನ್‌ಒ1, ಇಎನ್‌ಒ2 ಎಂದು ಫರ್ಮ್‌ವೇರ್ ಹೇಳಿದ ಹೆಸರು ಇರುತ್ತದೆ, ಅವಕ್ಕೆ ಈ ತೊಂದರೆಯಿಲ್ಲ. ಶರಾವತಿಯ ಪ್ರತಿ ಪೋರ್ಟಿಗೂ ಸಿಸ್ಟಮ್‌ಡಿಯ ಒಂದೊಂದು ಲಿಂಕ್ ಫೈಲ್ ಬರೆದು, ಮ್ಯಾಕ್ ವಿಳಾಸ ನೋಡಿ ಹೆಸರಿಡುವಂತೆ ಮಾಡಿದೆ. ಬೂಟ್ ಆಗುವಾಗ ಮೊದಲು ತೆರೆದುಕೊಳ್ಳುವ ಇನಿಟ್ರಾಮ್‌ಎಫ್‌ಎಸ್ ಅನ್ನೂ ಮತ್ತೆ ಕಟ್ಟಿ ರೀಬೂಟ್ ಮಾಡಿದೆ. ಇನ್ನು ಯಾವ ಕಾರ್ಡ್ ಸೇರಿಸಿದರೂ ತೆಗೆದರೂ ಹೆಸರು ಅಲ್ಲಾಡುವುದಿಲ್ಲ.

ವಿಳಾಸಗಳಲ್ಲಿ ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಒಂದು ಸರ್ವರ್‌ಗೆ ಎಲ್ಲ ನೆಟ್‌ವರ್ಕ್‌ನಲ್ಲೂ ಕೊನೆಯ ಅಂಕಿ ಒಂದೇ. ಮುಖ್ಯ ನೆಟ್‌ವರ್ಕ್ 192.168.10.0/24, ಕೊರೊಸಿಂಕ್ 10.10.10.0/24, ಮೈಗ್ರೇಶನ್ 10.15.15.0/24. ತುಂಗಾ ಎಲ್ಲ ಕಡೆಯೂ 11, ಭದ್ರಾ 12, ಶರಾವತಿ 13. ಲಾಗ್ ಓದುವಾಗ ಯಾವ ಮಷೀನ್, ಯಾವ ತಂತಿ ಅಂತ ಥಟ್ಟನೆ ಗೊತ್ತಾಗುತ್ತದೆ. ಕೊರೊಸಿಂಕ್‌ನ ಪೋರ್ಟ್‌ಗೆ ಬ್ರಿಡ್ಜ್ ಬೇಡ. ಯಾವ ವರ್ಚುವಲ್ ಮಷೀನೂ ಆ ತಂತಿಗೆ ಬರಬಾರದಲ್ವಾ, ಹಾಗಾಗಿ ಐಪಿಯನ್ನು ನೇರ ಪೋರ್ಟ್ ಮೇಲೇ ಕೊಟ್ಟೆ. ಗೇಟ್‌ವೇಯೂ ಬೇಡ, ಅದು ಮುಖ್ಯ ಬ್ರಿಡ್ಜ್ ಮೇಲೆ ಮಾತ್ರ. ಎಂಟಿಯು, ಅಂದರೆ ಪ್ಯಾಕೆಟ್‌ನ ಗರಿಷ್ಠ ಗಾತ್ರ, 1500 ಹಾಗೇ ಬಿಟ್ಟೆ. ಸಣ್ಣ ಪ್ಯಾಕೆಟ್‌ಗಳಿಗೆ ಜಂಬೋ ಫ್ರೇಮ್‌ನಿಂದ ಲಾಭವಿಲ್ಲ.

ಕೇಬಲ್ ಸಿಕ್ಕಿಸಿದ ಮೇಲೆ ಇಥ್‌ಟೂಲ್‌ನಲ್ಲಿ ಪ್ರತಿ ಪೋರ್ಟಿನ ವೇಗ ನೋಡಿದೆ. ಈ ಹೆಜ್ಜೆ ಬಿಡಬೇಡಿ. ಭದ್ರಾದ ಹೊಸ ಪೋರ್ಟ್ 100 ಮೆಗಾಬಿಟ್ ತೋರಿಸುತ್ತಿತ್ತು. ದೀಪ ಉರಿಯುತ್ತಿದೆ, ಪಿಂಗ್ ಹೋಗುತ್ತಿದೆ, ಮೇಲ್ನೋಟಕ್ಕೆ ಎಲ್ಲ ಸರಿ. ಗಿಗಾಬಿಟ್‌ಗೆ ಕೇಬಲ್‌ನ ನಾಲ್ಕೂ ಜೋಡಿ ತಂತಿಗಳು ಬೇಕು, 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು. ಒಂದು ಜೋಡಿ ಒಳಗೆ ತುಂಡಾಗಿದ್ದರೆ ಎರಡೂ ಬದಿಯವು ರಾಜಿಯಾಗಿ ಕೆಳಗಿನ ವೇಗಕ್ಕೆ ಇಳಿಯುತ್ತವೆ. ಕೊರೊಸಿಂಕ್‌ಗೆ 100 ಮೆಗಾಬಿಟ್ ಕೂಡ ಧಾರಾಳ, ಆದರೆ ಒಂದು ಜೋಡಿ ಸತ್ತಿರುವ ಕೇಬಲ್‌ನ ಉಳಿದ ಜೋಡಿಗಳನ್ನು ನಂಬಲು ನನಗೆ ಮನಸ್ಸು ಬರಲಿಲ್ಲ. ಬದಲಿಸಿದೆ, 1000 ಬಂತು. ಖಾಲಿ ಇರುವಾಗ ಪೋರ್ಟನ್ನು ಮಲಗಿಸಿ ಕರೆಂಟ್ ಉಳಿಸುವ ಎನರ್ಜಿ ಎಫಿಶಿಯೆಂಟ್ ಈಥರ್ನೆಟ್ ಸೌಲಭ್ಯವನ್ನೂ ಈ ಪೋರ್ಟ್‌ಗಳಲ್ಲಿ ಆಫ್ ಮಾಡಿದೆ. ಸಣ್ಣ ಸಣ್ಣ ಪ್ಯಾಕೆಟ್ ಬಿಡಿಬಿಡಿಯಾಗಿ ಹೋಗುವ ತಂತಿಯಲ್ಲಿ ಪೋರ್ಟ್ ಮಲಗಿ ಏಳುತ್ತಿರುವುದು ಬೇಡ.

ಕೊರೊಸಿಂಕ್ ಮುಟ್ಟುವ ಮೊದಲು ಹೊಸ ತಂತಿಯನ್ನು ಅಳೆದು ನೋಡಬೇಕು. ಹಗಲಿನಲ್ಲೇ ಬ್ಯಾಕಪ್ ಓಡಿಸಿ, ಎರಡೂ ನೆಟ್‌ವರ್ಕ್‌ನಲ್ಲಿ ಒಂದೇ ಹೊತ್ತಿಗೆ ಸೆಕೆಂಡಿಗೆ ಐದರಂತೆ ಪಿಂಗ್ ಬಿಟ್ಟು ನೋಡಿದೆ. ಸರಾಸರಿ ನೋಡಿ ಸಮಾಧಾನ ಪಡಬೇಡಿ, ಗರಿಷ್ಠ ಎಷ್ಟಿದೆ, ಎಷ್ಟು ಪ್ಯಾಕೆಟ್ ಕಳೆದಿವೆ ಅನ್ನುವುದನ್ನು ನೋಡಿ. ಹಳೆಯ ತಂತಿಯಲ್ಲಿ ಸರಾಸರಿ ಪರವಾಗಿಲ್ಲ ಅನ್ನುವಂತೇ ಇತ್ತು. ಗರಿಷ್ಠ ಮಾತ್ರ ಅದರ ಎಷ್ಟೋ ಪಟ್ಟು, ಜೊತೆಗೆ ಪ್ಯಾಕೆಟ್ ನಷ್ಟ. ಹೊಸ ತಂತಿಯಲ್ಲಿ ಗರಿಷ್ಠವೂ ಒಂದು ಮಿಲಿಸೆಕೆಂಡಿನೊಳಗೆ, ನಷ್ಟ ಸೊನ್ನೆ. ಇದನ್ನು ನೋಡಿದಾಗ ನನಗಾದ ಸಂತೋಷ ದೊಡ್ಡದು. ಬೆಲೆಬಾಳುವ ಯಾವ ಸಾಮಾನೂ ಇಲ್ಲದೆ ಬಂದ ಫಲ ಅದು.

ಇನ್ನು ನಾಜೂಕಿನ ಕೆಲಸ. ಓಡುತ್ತಿರುವ ಕ್ಲಸ್ಟರ್‌ನ ಕೊರೊಸಿಂಕ್ ಸೆಟ್ಟಿಂಗ್ ಬದಲಿಸಬೇಕು. ಮೊದಲು ವಾಚ್‌ಡಾಗ್ ಬಿಡಿಸಿಕೊಳ್ಳಬೇಕು, ಇಲ್ಲದಿದ್ದರೆ ಬದಲಾವಣೆಯ ನಡುವೆ ಏನಾದರೂ ತೊಡಕಾದರೆ ಸರ್ವರ್‌ಗಳು ರೀಸೆಟ್ ಆಗುತ್ತವೆ. ಹೈ ಅವೈಲಬಿಲಿಟಿಯ ಕಾವಲು ನೋಡಿಕೊಳ್ಳುವ ಸರ್ವಿಸ್‌ಗಳು ಎರಡು. ಮೂರೂ ನೋಡ್‌ಗಳಲ್ಲಿ ಪಿವಿಇ-ಎಚ್‌ಎ-ಎಲ್‌ಆರ್‌ಎಂ ಸರ್ವಿಸ್ ನಿಲ್ಲಿಸಿದೆ. ಮೂರರಲ್ಲೂ ನಿಂತ ಮೇಲೆ ಪಿವಿಇ-ಎಚ್‌ಎ-ಸಿಆರ್‌ಎಂ ನಿಲ್ಲಿಸಿದೆ. ಕ್ರಮ ಇದೇ ಇರಬೇಕು. ವರ್ಚುವಲ್ ಮಷೀನ್‌ಗಳು ಓಡುತ್ತಲೇ ಇರುತ್ತವೆ, ಕಾವಲು ಮಾತ್ರ ಸ್ವಲ್ಪ ಹೊತ್ತು ಇರುವುದಿಲ್ಲ.

ಇಲ್ಲಿ ಎರಡು ದಾರಿಗಳಿವೆ. ಲಿಂಕ್ 0 ಅಂತ ಇರುವ ಹಳೆಯ ವಿಳಾಸವನ್ನೇ ಹೊಸದಕ್ಕೆ ಬದಲಿಸುವುದು ಒಂದು. ಹಳೆಯದನ್ನು ಮುಟ್ಟದೆ ಹೊಸದನ್ನು ಲಿಂಕ್ 1 ಅಂತ ಸೇರಿಸಿ, ಅದಕ್ಕೆ ಹೆಚ್ಚಿನ ಆದ್ಯತೆ ಕೊಡುವುದು ಇನ್ನೊಂದು. ನನ್ನ ಆಯ್ಕೆ ಎರಡನೆಯದು. ಬದಲಿಸುವ ಹೊತ್ತಿನಲ್ಲೂ ಕೆಲಸ ಮಾಡುತ್ತಿರುವ ಲಿಂಕ್ ಹಾಗೇ ಇರುತ್ತದೆ. ಹೊಸದರಲ್ಲಿ ಏನೇ ತಪ್ಪಿದ್ದರೂ ಕ್ಲಸ್ಟರ್ ಒಡೆಯುವುದಿಲ್ಲ.

ಕೊರೊಸಿಂಕ್ ಕಾನ್ಫ್ ಎಂಬ ಫೈಲ್ ಎರಡು ಕಡೆ ಇರುತ್ತದೆ. ಪಿವಿಇ ಫೋಲ್ಡರಿನಲ್ಲಿರುವುದು ಇಡೀ ಕ್ಲಸ್ಟರಿನದು, ಕೊರೊಸಿಂಕ್ ಫೋಲ್ಡರಿನಲ್ಲಿರುವುದು ಆ ನೋಡ್‌ನ ನಕಲು. ಕೋರಂ ಇರುವಾಗ ಮೊದಲನೆಯದನ್ನು ಬದಲಿಸಿದರೆ ಸಾಕು, ಎಲ್ಲರಿಗೂ ತಾನೇ ತಲುಪುತ್ತದೆ. ಆದರೆ ಅದನ್ನು ನೇರವಾಗಿ ಎಡಿಟರ್‌ನಲ್ಲಿ ತೆರೆಯಬಾರದು. ಅರ್ಧ ಬರೆದು ಸೇವ್ ಆದರೂ ಅದು ತಕ್ಷಣ ಜಾರಿಗೆ ಬಂದುಬಿಡುತ್ತದೆ. ಒಂದು ಬ್ಯಾಕಪ್ ಪ್ರತಿ ಇಟ್ಟುಕೊಂಡು, ಕೊನೆಯಲ್ಲಿ ನ್ಯೂ ಎಂದು ಹೆಸರಿಟ್ಟ ಇನ್ನೊಂದು ಪ್ರತಿಯಲ್ಲಿ ಎಲ್ಲ ಬದಲಾವಣೆ ಮುಗಿಸಿ, ಆಮೇಲೆ ಅದನ್ನು ಮೂಲ ಹೆಸರಿಗೆ ಸರಿಸಬೇಕು.

ಬದಲಾವಣೆ ಇಷ್ಟು. ನೋಡ್‌ಲಿಸ್ಟ್ ಭಾಗದಲ್ಲಿ ಪ್ರತಿ ನೋಡ್‌ಗೂ ರಿಂಗ್0 (ಅಂದರೆ ಲಿಂಕ್ 0ರ) ವಿಳಾಸದ ಕೆಳಗೆ ರಿಂಗ್1 ವಿಳಾಸ, ಅದು 10.10.10ರದ್ದು. ಹೋಸ್ಟ್ ಹೆಸರಿನ ಬದಲು ಐಪಿಯನ್ನೇ ಬರೆದೆ. ಹೆಸರು ಹುಡುಕುವ ಕೆಲಸ ಕೆಟ್ಟಾಗ ಕ್ಲಸ್ಟರೂ ಕೆಡಬಾರದು. ಟೋಟೆಮ್ ಭಾಗದಲ್ಲಿ ಎರಡು ಇಂಟರ್‌ಫೇಸ್ ತುಣುಕು, ಲಿಂಕ್ ಸಂಖ್ಯೆ 0ಕ್ಕೆ ಆದ್ಯತೆ 10, ಲಿಂಕ್ ಸಂಖ್ಯೆ 1ಕ್ಕೆ ಆದ್ಯತೆ 20. ಪ್ಯಾಸಿವ್ ಕ್ರಮದಲ್ಲಿ ದೊಡ್ಡ ಸಂಖ್ಯೆಯ ಲಿಂಕ್‌ನಲ್ಲೇ ಮಾತು ನಡೆಯುತ್ತದೆ, ಅದು ಬಿದ್ದರೆ ಇನ್ನೊಂದರಲ್ಲಿ. ಕೊನೆಗೆ ಕಾನ್ಫಿಗ್ ವರ್ಷನ್ ಅಂಕಿಯನ್ನು ಒಂದು ಹೆಚ್ಚಿಸಬೇಕು. ಇದನ್ನು ಹೆಚ್ಚಿಸದಿದ್ದರೆ ಯಾವ ಪ್ರತಿ ಹೊಸದು ಅಂತ ಕ್ಲಸ್ಟರ್‌ಗೆ ತಿಳಿಯುವುದಿಲ್ಲ.

ಫೈಲ್ ಸರಿಸಿದ ತಕ್ಷಣ ಹೊಸ ಲಿಂಕ್ ಮೇಲೆದ್ದಿತು. ಲಿಂಕ್ ಸೇರಿಸಲು ರೀಸ್ಟಾರ್ಟ್ ಬೇಕಾಗುವುದಿಲ್ಲ. ಆದರೂ ಆದ್ಯತೆಯ ಬದಲಾವಣೆಯೂ ಇದ್ದದ್ದರಿಂದ ಒಂದೊಂದೇ ನೋಡ್‌ನಲ್ಲಿ ಕೊರೊಸಿಂಕ್ ರೀಸ್ಟಾರ್ಟ್ ಮಾಡಿ, ಅದು ಮತ್ತೆ ಸೇರಿದ ಮೇಲೆಯೇ ಮುಂದಿನದಕ್ಕೆ ಹೋದೆ. ಪಿವಿಇಸಿಎಂ ಸ್ಟೇಟಸ್‌ನಲ್ಲಿ ಒಟ್ಟು ಮತ 3, ಕೋರಂ 2 ಅಂತ ಬಂದರೆ ಸದಸ್ಯರು ಸರಿ ಇದ್ದಾರೆ ಅಂತ ಮಾತ್ರ ಅರ್ಥ. ಮಾತು ಯಾವ ತಂತಿಯಲ್ಲಿ ನಡೆಯುತ್ತಿದೆ ಅನ್ನುವುದು ಅದರಿಂದ ಗೊತ್ತಾಗದು. ಅದಕ್ಕೆ ಕೊರೊಸಿಂಕ್‌ನ ಸಿಎಫ್‌ಜಿಟೂಲ್ ಬೇಕು. ಎರಡೂ ಲಿಂಕ್‌ಗಳ ಕೆಳಗೆ ಉಳಿದ ಎರಡು ನೋಡ್‌ಗಳ ಮುಂದೆ ಕನೆಕ್ಟೆಡ್ ಎಂದಿರಬೇಕು. ಲಾಗ್‌ನಲ್ಲೂ ಬೆಸ್ಟ್ ಲಿಂಕ್ 1, ಆದ್ಯತೆ 20 ಎಂಬ ಸಾಲು ಕಾಣಿಸಿತು.

ಇದಾದ ಮೇಲೂ ತಂತಿಯ ಮೇಲೆಯೇ ನೋಡೋಣ ಅಂತ ಟಿಸಿಪಿಡಂಪ್ ಹಾಕಿದೆ. ಲಿಂಕ್ 0 ಯುಡಿಪಿ ಪೋರ್ಟ್ 5405 ಬಳಸುತ್ತದೆ, ಲಿಂಕ್ 1 5406 ಬಳಸುತ್ತದೆ, ಹೀಗೆ 8 ಲಿಂಕ್‌ಗೆ 5412ರವರೆಗೆ. ಫೈರ್‌ವಾಲ್ ಇಟ್ಟವರು ಈ ಸಾಲು ಪೂರ್ತಿ ಬಿಟ್ಟಿದ್ದಾರಾ ನೋಡಿಕೊಳ್ಳಿ. ಹೊಸ ಪೋರ್ಟ್‌ನಲ್ಲಿ 5406 ಎಡೆಬಿಡದೆ ಹರಿಯುತ್ತಿತ್ತು. ಹಳೆಯದರಲ್ಲಿ 5405 ಆಗೊಂದು ಈಗೊಂದು ಮಾತ್ರ. ಆ ಲಿಂಕ್ ಬದುಕಿದೆಯಾ ಅಂತ ಕ್ರೋನೋಸ್‌ನೆಟ್ ವಿಚಾರಿಸುವ ಪ್ಯಾಕೆಟ್‌ಗಳು ಅವು.

ಆಮೇಲೆ ಪರೀಕ್ಷೆ. ಕಾವಲು ಸರ್ವಿಸ್‌ಗಳನ್ನು ಇನ್ನೂ ನಿಲ್ಲಿಸಿಯೇ ಇಟ್ಟು, ಮೂರೂ ನೋಡ್‌ಗಳಲ್ಲಿ ಬ್ಯಾಕಪ್ ಓಡಿಸಿ, ಭದ್ರಾದ ಹೊಸ ಕೇಬಲ್ ಎಳೆದೆ. ಲಿಂಕ್ 1 ಬಿತ್ತು, ಲಿಂಕ್ 0ಕ್ಕೆ ದಾಟಿದೆ ಎಂಬ ಸಾಲು ಬಂತು. ಸದಸ್ಯರ ಪಟ್ಟಿ ಅಲ್ಲಾಡಲಿಲ್ಲ. ಮತ್ತೆ ಸಿಕ್ಕಿಸಿದಾಗ ತಾನೇ ವಾಪಸ್ ಬಂತು. ಸಣ್ಣ ಸ್ವಿಚ್‌ನ ಅಡಾಪ್ಟರ್ ಕಿತ್ತು ನೋಡಿದೆ, ಆಗಲೂ ಸರಿ. ಆದರೆ ಬ್ಯಾಕಪ್ ಜೋರಾಗಿದ್ದಾಗ ಹಳೆಯ ಲಿಂಕ್ ಮೇಲೆ ಹೆಚ್ಚು ಹೊತ್ತು ನಿಂತರೆ ರೀಟ್ರಾನ್ಸ್‌ಮಿಟ್ ಸಂದೇಶಗಳು ಮತ್ತೆ ತಲೆ ಎತ್ತುತ್ತಿದ್ದವು. ಬದಲಿ ದಾರಿ ಅಂತ ಇಟ್ಟುಕೊಂಡ ಮೇಲೆ ಅದರಲ್ಲೂ ಹಾದಿ ಸಿಗುವಂತಿರಬೇಕು. ಅದಕ್ಕೆ ಬ್ಯಾಕಪ್ ತೆಗೆಯುವ ವಿಝಡ್‌ಡಂಪ್‌ನ ಸೆಟ್ಟಿಂಗ್‌ನಲ್ಲಿ ಬ್ಯಾಂಡ್‌ವಿಡ್ತ್ ಮಿತಿ ಹಾಕಿ ಬ್ಯಾಕಪ್‌ಗೆ ಕಡಿವಾಣ ತೊಡಿಸಿದೆ. ಬ್ಯಾಕಪ್ ಮುಗಿಯುವುದು ಸ್ವಲ್ಪ ತಡ, ಅದರಿಂದ ಯಾರಿಗೂ ತೊಂದರೆಯಿಲ್ಲ.

ಇನ್ನೊಂದು ಪರೀಕ್ಷೆ ನನ್ನನ್ನು ತುಂಬಾ ಯೋಚನೆಗೆ ಹಚ್ಚಿತು. ಕಾವಲು ಸರ್ವಿಸ್‌ಗಳನ್ನು ಮತ್ತೆ ಶುರು ಮಾಡಿ, ಪರೀಕ್ಷೆಗೆಂದೇ ಮಾಡಿದ ಒಂದು ಮಷೀನನ್ನು ತುಂಗಾ ಮೇಲೆ ಇಟ್ಟು, ತುಂಗಾದ ಮುಖ್ಯ ಕೇಬಲ್ ಎಳೆದೆ. ಏನೂ ಆಗಲಿಲ್ಲ. ಏನೂ ಆಗದಿರುವುದೇ ಇಲ್ಲಿ ಸಮಸ್ಯೆ. ಮೊದಲಾಗಿದ್ದರೆ ಆ ಕೇಬಲ್ ಹೋದ ಕೂಡಲೇ ತುಂಗಾ ಗುಂಪಿನಿಂದ ಹೊರಬಿದ್ದು, ಒಂದು ನಿಮಿಷದಲ್ಲಿ ರೀಸೆಟ್ ಆಗಿ, ಅದರ ಮಷೀನ್‌ಗಳು ಬೇರೆ ನೋಡ್‌ನಲ್ಲಿ ಏಳುತ್ತಿದ್ದವು. ಈಗ ಕೊರೊಸಿಂಕ್ ತನ್ನದೇ ತಂತಿಯಲ್ಲಿ ಆರಾಮಾಗಿದೆ. ಕ್ಲಸ್ಟರ್‌ನ ಕಣ್ಣಿಗೆ ತುಂಗಾ ಆರೋಗ್ಯವಾಗಿಯೇ ಇದೆ. ಆದರೆ ಅದರ ಮೇಲಿನ ಮಷೀನ್‌ಗೆ ಡಿಸ್ಕೂ ಇಲ್ಲ, ಬಳಕೆದಾರರೂ ಇಲ್ಲ. ಪ್ರತ್ಯೇಕ ನೆಟ್‌ವರ್ಕ್ ಮಾಡುವವರು ಇದನ್ನು ಖಂಡಿತ ತಿಳಿದಿರಬೇಕು. ಕ್ಲಸ್ಟರ್ ಕಾವಲು ಕಾಯುವುದು ಕೊರೊಸಿಂಕ್ ಸಂಪರ್ಕಕ್ಕೆ ಮಾತ್ರ. ಮುಖ್ಯ ಬ್ರಿಡ್ಜ್‌ಗೆ ಎರಡನೆಯ ಕೇಬಲ್ ಹಾಕಿ, ಒಂದು ಕೆಟ್ಟರೆ ಇನ್ನೊಂದು ಎತ್ತಿಕೊಳ್ಳುವ ಆಕ್ಟಿವ್-ಬ್ಯಾಕಪ್ ಬಾಂಡ್ ಮಾಡುವುದು ಸರಿಯಾದ ಪರಿಹಾರ. ಬಾಂಡ್‌ಗೆ ನಿಜವಾದ ಜಾಗ ಅದೇ. ಅದಕ್ಕೆ ಪ್ರತಿ ಸರ್ವರ್‌ಗೂ ಇನ್ನೊಂದು ಪೋರ್ಟ್ ಬೇಕು, ಮುಂದಿನ ಖರೀದಿ ಪಟ್ಟಿಯಲ್ಲಿ ಅದಕ್ಕೇ ಮೊದಲ ಸ್ಥಾನ ಕೊಟ್ಟಿದ್ದೇನೆ. ಅಲ್ಲಿಯವರೆಗೆ ಪ್ರತಿ ನೋಡ್ ಮುಖ್ಯ ಗೇಟ್‌ವೇಯನ್ನು ಪಿಂಗ್ ಮಾಡುತ್ತಿರುತ್ತದೆ. ಒಂದು ನೋಡ್‌ಗೆ ಗೇಟ್‌ವೇ ಸಿಗದಿದ್ದರೆ ಅದು ಪಕ್ಕದ ನೋಡ್‌ಗೆ ಕೊರೊಸಿಂಕ್ ತಂತಿಯ ಮೇಲೆಯೇ ಒಂದು ಸಣ್ಣ ಸುದ್ದಿ ಕಳಿಸುತ್ತದೆ, ಪಕ್ಕದ್ದು ನನ್ನ ಫೋನಿಗೆ ಸಂದೇಶ ಹಾಕುತ್ತದೆ.

ಮೈಗ್ರೇಶನ್ ತಂತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರತಿ ಸರ್ವರ್‌ನ ಎರಡು 10 ಗಿಗಾಬಿಟ್ ಪೋರ್ಟ್‌ಗಳು ಉಳಿದ ಎರಡು ಸರ್ವರ್‌ಗಳಿಗೆ ನೇರ ಹೋಗುತ್ತವೆ. ಮೂರೇ ಕೇಬಲ್, ಸ್ವಿಚ್ ಬೇಡ. ಪ್ರಾಕ್ಸ್‌ಮಾಕ್ಸ್ 9ರ ಎಸ್‌ಡಿಎನ್ (ಸಾಫ್ಟ್‌ವೇರ್‌ನಲ್ಲಿ ನೆಟ್‌ವರ್ಕ್ ಕಟ್ಟುವ) ಭಾಗದಲ್ಲಿ ಫ್ಯಾಬ್ರಿಕ್ ಮಾಡಿ, ದಾರಿ ತಾನೇ ಹುಡುಕುವ ಓಪನ್‌ಫ್ಯಾಬ್ರಿಕ್ ಆಯ್ದು, ಪ್ರತಿ ನೋಡ್‌ಗೆ ಒಂದೊಂದು ವಿಳಾಸ ಕೊಟ್ಟೆ. ಒಂದು ಕೇಬಲ್ ತುಂಡಾದರೆ ಮೂರನೆಯ ಸರ್ವರ್ ಮೂಲಕ ಸುತ್ತಿ ಹೋಗುತ್ತದೆ. ಡೇಟಾಸೆಂಟರ್ ಸೆಟ್ಟಿಂಗ್‌ನಲ್ಲಿ ಮೈಗ್ರೇಶನ್ ನೆಟ್‌ವರ್ಕ್ 10.15.15.0/24 ಎಂದು ಆಯ್ದರೆ ಮುಗಿಯಿತು. 1 ಗಿಗಾಬಿಟ್ ತಂತಿಯಲ್ಲಿ ಸೆಕೆಂಡಿಗೆ ಸುಮಾರು 118 ಮೆಗಾಬೈಟ್ ಹೋಗುತ್ತದೆ. 16 ಗಿಗಾಬೈಟ್ ಮೆಮೊರಿಯ ಮಷೀನ್ ದಾಟಲು ಎರಡು ನಿಮಿಷಕ್ಕಿಂತ ಜಾಸ್ತಿ ಬೇಕು, ಅಷ್ಟರಲ್ಲಿ ಬದಲಾದ ಮೆಮೊರಿಯನ್ನು ಮತ್ತೆ ಕಳಿಸಬೇಕು. 10 ಗಿಗಾಬಿಟ್‌ನಲ್ಲಿ ಲೆಕ್ಕದ ಪ್ರಕಾರ ಕಾಲು ನಿಮಿಷ ಸಾಕು. ಎನ್‌ಕ್ರಿಪ್ಶನ್ ಇದ್ದರೆ ಅಷ್ಟು ವೇಗ ಸಿಗುವುದಿಲ್ಲ, ಎಸ್‌ಎಸ್‌ಎಚ್ ಒಂದೇ ಕೋರ್ ಮೇಲೆ ಓಡುವುದರಿಂದ ಸಿಪಿಯು ಅಡ್ಡ ಬರುತ್ತದೆ. ಹೊರಗಿನವರು ಯಾರೂ ಇಲ್ಲದ, ಸರ್ವರ್‌ನಿಂದ ಸರ್ವರ್‌ಗೆ ನೇರ ಹೋಗುವ ಕೇಬಲ್ ಆದ್ದರಿಂದ ಇನ್‌ಸೆಕ್ಯೂರ್ ಕ್ರಮ ಆಯ್ದುಕೊಂಡೆ. ಹಂಚಿಕೊಂಡ ಸ್ವಿಚ್ ಮೇಲೆ ಹೀಗೆ ಮಾಡಬೇಡಿ.

ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಆಗಾಗ ಹೋಗುತ್ತದೆ. ಸರ್ವರ್‌ಗಳೆಲ್ಲ ಯುಪಿಎಸ್ ಮೇಲಿದ್ದು, ಸಣ್ಣ ಸ್ವಿಚ್‌ನ ಅಡಾಪ್ಟರ್ ಮಾತ್ರ ಗೋಡೆಯ ಸಾಕೆಟ್‌ನಲ್ಲಿದ್ದರೆ ಮಾಡಿದ್ದೆಲ್ಲ ವ್ಯರ್ಥ. ಎರಡು ಯುಪಿಎಸ್ ಇರುವುದರಿಂದ ಮುಖ್ಯ ಸ್ವಿಚ್ ಒಂದರ ಮೇಲೆ, ಕೊರೊಸಿಂಕ್ ಸ್ವಿಚ್ ಇನ್ನೊಂದರ ಮೇಲೆ ಇಟ್ಟೆ. ಅಡಾಪ್ಟರ್‌ಗೆ ಕೆಂಪು ಟೇಪ್ ಸುತ್ತಿ, ತೆಗೆಯಬೇಡಿ ಅಂತ ಕನ್ನಡದಲ್ಲಿ ಬರೆದು ಅಂಟಿಸಿದ್ದೇನೆ. ಫೋನ್ ಚಾರ್ಜರ್‌ಗೆ ಜಾಗ ಹುಡುಕುವವರಿಗೆ ಇಂಥ ಸಣ್ಣ ಅಡಾಪ್ಟರೇ ಮೊದಲು ಕಾಣುವುದು.

ಲಿಂಕ್‌ಗಳ ಮೇಲೂ ಕಣ್ಣಿಡಬೇಕು. ಬದಲಿ ಲಿಂಕ್ ಇರುವ ಕಡೆ ಒಂದು ಕೆಟ್ಟರೆ ಯಾರಿಗೂ ಗೊತ್ತೇ ಆಗುವುದಿಲ್ಲ, ಎರಡನೆಯದೂ ಕೆಟ್ಟ ದಿನ ಮಾತ್ರ ಗೊತ್ತಾಗುತ್ತದೆ. ಅದಕ್ಕೆ ಸಿಎಫ್‌ಜಿಟೂಲ್ ಕೊಡುವ ಉತ್ತರವನ್ನು ನಿಮಿಷಕ್ಕೊಮ್ಮೆ ಓದಿ, ಕನೆಕ್ಟೆಡ್ ಅಲ್ಲದ ಸಾಲು ಕಂಡರೆ ಸಂದೇಶ ಕಳಿಸುವ ಸ್ಕ್ರಿಪ್ಟ್ ಹಾಕಿದೆ. ಹೊಸ ತಂತಿಗೆ ಬಂದ ಮೇಲೆ ಬ್ಯಾಕಪ್ ರಾತ್ರಿಗಳ ಲಾಗ್‌ನಲ್ಲಿ ಟೋಕನ್ ಎಚ್ಚರಿಕೆ ಒಂದೂ ಇಲ್ಲ.

ನಾಲ್ಕನೆಯ ಸರ್ವರ್ ಸೇರಿಸುವ ಮಾತು ನಡೆದಿದೆ. ಕೊರೊಸಿಂಕ್ ಬದಿಯಲ್ಲಿ ಅದಕ್ಕೆ ಒಂದು ಕೇಬಲ್ ಸಾಕು, ಸಣ್ಣ ಸ್ವಿಚ್‌ನಲ್ಲಿ ಪೋರ್ಟ್‌ಗಳು ಖಾಲಿ ಇವೆ. ಆದರೆ ನಾಲ್ಕು ನೋಡ್‌ಗೆ ಕೋರಂ 3. ಮೂರು ನೋಡ್ ಇದ್ದಾಗಲೂ ಒಂದು ಹೋದರೆ ತಡೆಯುತ್ತಿತ್ತು, ನಾಲ್ಕು ಇದ್ದರೂ ಒಂದೇ. ಎರಡು ಹೋದರೂ ನಿಲ್ಲಬೇಕಾದರೆ ಹೊರಗೊಂದು ಸಣ್ಣ ಮಷೀನಿನಲ್ಲಿ ಕ್ಯೂಡಿವೈಸ್ ಇಟ್ಟು ಐದನೆಯ ಮತ ಕೊಡಿಸಬೇಕು. ನೇರ ಕೇಬಲ್‌ಗಳ ಮೈಗ್ರೇಶನ್ ಜಾಲಕ್ಕೆ ಆಗ ಪ್ರತಿ ಸರ್ವರ್‌ನಲ್ಲಿ ಮೂರು ಪೋರ್ಟ್, ಒಟ್ಟು ಆರು ಕೇಬಲ್ ಬೇಕಾಗುತ್ತವೆ. ಆ ಹೊತ್ತಿಗೆ 10 ಗಿಗಾಬಿಟ್ ಸ್ವಿಚ್ ಕೊಳ್ಳುವುದೇ ಸರಿ. ಕೊಂಡರೂ ಅದು ಮೈಗ್ರೇಶನ್‌ಗೆ ಮಾತ್ರ, ಕೊರೊಸಿಂಕ್ ಈ 8 ಪೋರ್ಟಿನ ಸ್ವಿಚ್‌ನಲ್ಲೇ ಇರುತ್ತದೆ.